ಬ್ಯಾಲಸ್ಟ್ ಬ್ಯಾಗ್ ಕೆಳಗೆ ಹಾಕುವ ಜಾಲರಿ ಟೈಲು: ಮೂರು ಸೀಸನ್ ಬಳಸಿದ ಮೇಲೆ

ಈ ಟೈಲು ತಗೊಂಡಿದ್ದು ವಾಸನೆಯಿಂದಾಗಿ. ಮೂರು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಭಾನುವಾರ, ಅಮೆರಿಕದ ಮಿನ್ನೆಸೋಟದಲ್ಲಿರುವ ಲೇಕ್ ಮಿನ್ನೆಟೊಂಕಾದ ದಡದಲ್ಲಿ ಭಾವ ನಮ್ಮ ಬೋಟಿನ ಹಿಂದಿನ ಲಾಕರ್ ಮುಚ್ಚಳ ಎತ್ತಿದವರೇ ಮುಖ ತಿರುಗಿಸಿದರು. "ಏನೋ ಇದು, ಬಿಸಿಲು ಕಾಣದ ಬಚ್ಚಲಮನೆ ಥರ ನಾತ ಹೊಡೀತಿದೆ!" ಅಂದರು. ನಿಜವೇ. ಮಕ್ಕಳ ಲೈಫ್ ಜಾಕೆಟ್‌ಗೂ ಅದೇ ಮುಗ್ಗಲು ವಾಸನೆ ಹತ್ತಿತ್ತು.

ಬೋಟು ನನ್ನದೂ ಭಾವನದೂ ಅರ್ಧರ್ಧ. 2006ರ ಮಾಡೆಲ್, ಸೆಕೆಂಡ್ ಹ್ಯಾಂಡ್. ಹಿಂದೆ ದೊಡ್ಡ ಅಲೆ ಎಬ್ಬಿಸುವ ಇಂಥ ಹೊಸ ವೇಕ್ ಬೋಟು ಒಂದು ಲಕ್ಷ ಡಾಲರ್ ಸುಲಭವಾಗಿ ದಾಟುತ್ತದೆ, ಅದು ನಮ್ಮ ಕೈಗೆ ಎಟುಕುವ ಮಾತಲ್ಲ. ಹಾಗಾಗಿ ಇರುವುದನ್ನೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಹಿಂದಿನ ಎರಡು ಲಾಕರಿನಲ್ಲಿ 750 ಪೌಂಡಿನ ಒಂದೊಂದು ಬ್ಯಾಲಸ್ಟ್ ಬ್ಯಾಗ್, ಅಂದರೆ ಬೋಟಿಗೆ ಭಾರ ಕೊಡಲು ನೀರು ತುಂಬುವ ಚೀಲ. ಲೇಕಿನ ನೀರು ತುಂಬಿಸಿದರೆ ಎರಡೂ ಸೇರಿ ಸುಮಾರು 680 ಕೆ.ಜಿ. ಭಾರಕ್ಕೆ ಬೋಟು ತಗ್ಗುತ್ತದೆ, ಹಿಂದೆ ಅಲೆ ದೊಡ್ಡದಾಗಿ ಏಳುತ್ತದೆ, ಮಗಳಿಗೆ ಬೋರ್ಡ್ ಮೇಲೆ ಹಾರಲು ಮಜಾ.

ಬ್ಯಾಗ್ ಕೆಳಗೆ ಯಾವಾಗಲೂ ನೀರು ನಿಂತಿರುತ್ತಿತ್ತು. ಲೀಕ್ ಇರಬೇಕು ಅಂತ ಒಂದು ತಿಂಗಳು ಹೋಸು, ಜಾಯಿಂಟು, ಪಂಪು ಎಲ್ಲ ತಡಕಾಡಿದೆ. ಏನೂ ಸಿಗಲಿಲ್ಲ. ಆಮೇಲೆ ಗೊತ್ತಾಯಿತು, ಬ್ಯಾಗು ಬೆವರುತ್ತಿತ್ತು. ಒಳಗೆ ಲೇಕಿನ ತಣ್ಣನೆ ನೀರು, ಹೊರಗೆ ಬೇಸಿಗೆಯ ಹಸಿ ಸೆಖೆ. ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹೊರಗೆ ಹನಿ ಕೂರುವುದಿಲ್ಲವಾ, ಹಾಗೆ. ಆ ಹನಿಯೆಲ್ಲ ಕೆಳಗಿಳಿದು ಲಾಕರಿನ ಕಾರ್ಪೆಟ್ ಒಳಗೆ ಸೇರುತ್ತಿತ್ತು. ಮೇಲೆ ಬ್ಯಾಗು ಮುಚ್ಚಿಕೊಂಡಿದ್ದರೆ ಒಣಗುವುದಾದರೂ ಹೇಗೆ?

ಊರಲ್ಲಿ ಅಮ್ಮ ಭತ್ತದ ಮೂಟೆಯನ್ನು ಯಾವತ್ತೂ ಬರೀ ನೆಲದ ಮೇಲೆ ಇಡಲು ಬಿಟ್ಟವರಲ್ಲ. ಕೆಳಗೆ ಮರದ ಹಲಗೆ ಇರಲೇಬೇಕು, ಗಾಳಿ ಆಡಬೇಕು. ಈ ಟೈಲು ಮಾಡುವುದೂ ಅಷ್ಟೇ. ಒಂದು ಅಡಿ ಅಗಲ, ಒಂದು ಅಡಿ ಉದ್ದದ ಮೆತ್ತಗಿನ ಪ್ಲಾಸ್ಟಿಕ್ ಜಾಲರಿ. ಅಡಿಯಲ್ಲಿ ಸಣ್ಣ ಸಣ್ಣ ಕಾಲು, ಒಂದಕ್ಕೊಂದು ಕೊಂಡಿ. ಬ್ಯಾಗನ್ನು ನೆಲದಿಂದ ಅರ್ಧ ಇಂಚು ಎತ್ತಿ ಹಿಡಿಯುತ್ತದೆ, ಸೋರಿದ ನೀರು ಕಾಲುಗಳ ನಡುವೆ ಹರಿದು ಬಿಲ್ಜ್ ಕಡೆ, ಅಂದರೆ ಬೋಟಿನ ತಳದ ತಗ್ಗಿಗೆ, ಹೋಗುತ್ತದೆ. ಹಳೇ ಕಾರ್ಪೆಟ್ ಕಿತ್ತು ಬಿಸಾಕಿ 24 ಟೈಲು ಹಾಕಿದೆವು. ಎರಡೇ ವಾರದಲ್ಲಿ ವಾಸನೆ ಹೋಯಿತು! ಭಾವ ಮುಚ್ಚಳ ಎತ್ತಿ ಮೂಗು ಒಳಗೇ ಇಟ್ಟು ನೋಡಿದರು.

ಅಲ್ಲಿಂದ ಭಾನುವಾರದ ಸಂಜೆ ನನಗೆ ಬಹಳ ಇಷ್ಟದ ಹೊತ್ತಾಯಿತು. ಗ್ಯಾರೇಜಿನ ಮುಂದೆ ಟ್ರೇಲರಿನ ಮೂತಿ ಸ್ವಲ್ಪ ಮೇಲೆತ್ತಿ ನಿಲ್ಲಿಸುತ್ತೇನೆ, ಉಳಿದ ನೀರೆಲ್ಲ ಹಿಂದಿನ ಡ್ರೈನ್ ಪ್ಲಗ್ (ತಳದ ನೀರು ಹೊರಬಿಡುವ ತೂತಿನ ಬಿರಡೆ) ಕಡೆ ಬರಲಿ ಅಂತ. ಪಂಪು ಎಷ್ಟೇ ಎಳೆದರೂ ಬ್ಯಾಗಿನೊಳಗೆ ಎರಡು ಮೂರು ಲೀಟರ್ ಉಳಿದೇ ಉಳಿಯುತ್ತದೆ. ಹೋಸು ಬಿಚ್ಚಿ, ಬ್ಯಾಗಿನ ಆಚೆ ತುದಿ ಹಿಡಿದು ಚಾಪೆ ಸುತ್ತುವ ಹಾಗೆ ಬಾಯಿಯ ಕಡೆಗೆ ಸುತ್ತುತ್ತಾ ಬಂದರೆ ಅದೂ ಬಕೆಟ್ಟಿಗೆ ಬೀಳುತ್ತದೆ. ಬ್ಯಾಗನ್ನು ಬೋಟಿನ ಟವರ್ (ಎಳೆಯುವ ಹಗ್ಗ ಕಟ್ಟುವ ಎತ್ತರದ ಕಮಾನು) ಮೇಲೆ ಒಗೆದ ಕಂಬಳಿಯಂತೆ ಹರವುತ್ತೇನೆ. ಟೈಲುಗಳನ್ನು ಒಂದೇ ಹಾಳೆಯಂತೆ ಎತ್ತುತ್ತೇನೆ. ಕೆಳಗೆ ಸಣ್ಣ ಮರಳು, ಲೇಕಿನ ಜೊಂಡಿನ ಎಳೆ, ಒಂದು ಗೆರೆ ನೀರು. ವ್ಯಾಕ್ಯೂಮ್ ಹಾಕಿ ಎಳೆದು, ನೀರು ಬೆರೆಸಿದ ವಿನೆಗರ್‌ನಿಂದ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಹಳೇ ಪಂಚೆಯ ತುಂಡಿನಿಂದ ಒರೆಸುತ್ತೇನೆ. ಆ ಹತ್ತಿಬಟ್ಟೆ ನೀರು ಹೀರಿದ ಹಾಗೆ ಅಂಗಡಿಯ ಯಾವ ಬಟ್ಟೆಯೂ ಹೀರಲ್ಲ. ಒಂದು ಲಾಕರಿಗೆ ಫ್ಯಾನ್ ಇಟ್ಟು, ಇನ್ನೊಂದರ ಮುಚ್ಚಳ ತೆರೆದಿಟ್ಟರೆ ಗಾಳಿ ಹಾದು ಹೋಗುತ್ತದೆ. ಮಲಗುವ ಮುಂಚೆ ನೆಲಕ್ಕೆ ಅಂಗೈ ಒತ್ತಿ ನೋಡುತ್ತೇನೆ. ತಣ್ಣಗೆ ಅಂಟಿದರೆ ಫ್ಯಾನ್ ರಾತ್ರಿಯಿಡೀ ಓಡುತ್ತದೆ.

ಇಷ್ಟು ಒಣಗಿಸಲು ಇನ್ನೊಂದು ಕಾರಣವಿದೆ. ಮಿನ್ನೆಟೊಂಕಾದಲ್ಲಿ 2010ರಲ್ಲೇ ಜೀಬ್ರಾ ಮಸಲ್ ಕಾಣಿಸಿಕೊಂಡಿತು, ಬೋಟಿನ ಜೊತೆ ಲೇಕಿನಿಂದ ಲೇಕಿಗೆ ಹರಡಿ ಕಾಟ ಕೊಡುವ ಸಣ್ಣ ಚಿಪ್ಪಿನ ಜೀವಿ. ಅದರ ಮರಿಗಳು ಕಣ್ಣಿಗೆ ಕಾಣುವುದಿಲ್ಲ, ಬ್ಯಾಗಿನಲ್ಲಿ ಉಳಿದ ನೀರಿನೊಳಗೂ ಬದುಕಿರುತ್ತವೆ. ನಾವು ಆಗಾಗ ಗೆಳೆಯರ ಕ್ಯಾಬಿನ್ ಇರುವ ಉತ್ತರದ ಚಿಕ್ಕ ಲೇಕಿಗೂ ಹೋಗುತ್ತೇವೆ. ಅಲ್ಲಿಗೆ ಅದು ಇನ್ನೂ ಬಂದಿಲ್ಲ. ನಮ್ಮ ಬೋಟಿನಿಂದ ಬರುವುದು ಬೇಡ. ಮಿನ್ನೆಸೋಟದಲ್ಲಿ ಬ್ಯಾಲಸ್ಟ್ ನೀರು ಖಾಲಿ ಮಾಡಿ, ಡ್ರೈನ್ ಪ್ಲಗ್ ತೆಗೆದೇ ರಸ್ತೆಗಿಳಿಯಬೇಕು ಅಂತ ಕಾನೂನಿದೆ. ಬೇರೆ ಲೇಕಿಗೆ ಇಳಿಸುವ ಮುಂಚೆ 5 ದಿನ ಒಣಗಿಸಿ ಅನ್ನುತ್ತಾರೆ, ಅದನ್ನು ನಾವು ತಪ್ಪಿಸಲ್ಲ.

ಈಗ ಟೈಲಿನ ಮೇಲಿನ ಸಿಟ್ಟು. "ಒಮ್ಮೆ ಹಾಕಿ, ಮರೆತುಬಿಡಿ" ಅಂತ ಮಾರಿದ್ದರು. ಮರೆಯುವ ಹಾಗೇ ಇಲ್ಲ. ಎರಡನೇ ವರ್ಷ ಮನೆಗೆ ನೆಂಟರು ಬಂದು ಆರು ವಾರ ಟೈಲು ಎತ್ತಿರಲಿಲ್ಲ. ತೆಗೆದು ನೋಡಿದರೆ ಕಾಲುಗಳ ಸಂದಿಯಲ್ಲಿ ಕೆಸರು ಗಟ್ಟಿಯಾಗಿ ಕೂತು, ನೀರಿನ ದಾರಿಯೇ ಮುಚ್ಚಿತ್ತು. ಮೂಲೆಯಲ್ಲಿ ಕಪ್ಪು ಬೂಸ್ಟು. ಮೇಲಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

ಅದಕ್ಕಿಂತ ಬೇಜಾರಾಗಿದ್ದು ಆಗಸ್ಟಿನಲ್ಲಿ. ಬಲಗಡೆ ಲಾಕರಿನಲ್ಲಿ ನೀರು ಜಾಸ್ತಿಯಾಯಿತು. ಈ ಸಲ ಬೆವರಲ್ಲ. ಬ್ಯಾಗ್ ಮಗುಚಿ ನೋಡಿದರೆ ಅಡಿಯಲ್ಲಿ ಮೂರು ಉದ್ದ ಗೀರು, ಒಂದರ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ಲಾಕರಿನ ಆಕಾರಕ್ಕೆ ನಾವು ಕತ್ತರಿಸಿದ ಟೈಲಿನ ಅಂಚು ಸರಿಯಾಗಿ ಆ ಜಾಗದಲ್ಲೇ ಇತ್ತು. 340 ಕೆ.ಜಿ. ಭಾರ ಅಲೆ ಅಲೆಗೂ ಒಂಚೂರು ಜರುಗುತ್ತದೆ, ಅಂಚು ಗರಗಸದ ಹಾಗೆ ಉಜ್ಜುತ್ತದೆ. ಮಾರಿದವರನ್ನು ಕೇಳಿದರೆ, ಇಳಿಜಾರು ಅಂಚಿನ ತುಂಡು ಹಾಕಬೇಕಿತ್ತು, ಅದು ಬೇರೆ ಸಿಗುತ್ತದೆ ಅಂದರು. ಅದಿಲ್ಲದೆ ಬ್ಯಾಗ್ ತೂತಾಗುತ್ತದೆ ಅಂತಾದರೆ, ಟೈಲಿನ ಜೊತೆಗೇ ಹೇಳಿ ಕೊಡಬೇಕಲ್ವಾ? ಟೈಲಿಗೆ ಕೊಟ್ಟಿದ್ದೇ 110 ಡಾಲರ್ ಚಿಲ್ಲರೆ.

ಆದರೂ ಕಿತ್ತು ಹಾಕಲಿಲ್ಲ. ತೂತಿಗೆ ಪಿವಿಸಿ ತೇಪೆ ಅಂಟಿಸಿದೆ. ಬಲಗಡೆ ಲಾಕರಿಗೆ ಮಾತ್ರ ಅಂಚಿನ ತುಂಡು ತರಿಸಿದೆ. ಎಡಗಡೆ ಕತ್ತರಿಸಿದ ಅಂಚನ್ನೆಲ್ಲ ಉಪ್ಪುಕಾಗದದಲ್ಲಿ, ಬೆರಳು ಸವರಿದರೆ ತರಚದಷ್ಟು ನುಣ್ಣಗೆ ಉಜ್ಜಿದೆ. ಈ ಸೀಸನ್ ಪೂರ್ತಿ ಎರಡೂ ಕಡೆ ಹೊಸ ಗೀರಿಲ್ಲ. ದುಡ್ಡು ಉಳಿಸಬೇಕು ಅನ್ನುವವರಿಗೆ ಉಪ್ಪುಕಾಗದವೇ ಸಾಕು, ಆದರೆ ಒಂದು ಮಧ್ಯಾಹ್ನ ಪೂರ್ತಿ ಬೇಕು. ವಾರಕ್ಕೊಮ್ಮೆ ಎತ್ತಿ ತೊಳೆಯಲು ಪುರುಸೊತ್ತಿಲ್ಲದವರು ಈ ಟೈಲು ತಗೊಳ್ಳಬೇಡಿ. ಕಸ ಒಳಗೇ ಅಡಗಿ ಕೂರುತ್ತದೆ, ಬರೀ ನೆಲವೇ ವಾಸಿ.

ಅಕ್ಟೋಬರಿನಲ್ಲಿ ಬ್ಯಾಗು ಟೈಲು ಎರಡನ್ನೂ ತೆಗೆದು ಮನೆಯ ಬೇಸ್‌ಮೆಂಟಿಗೆ ಸಾಗಿಸುತ್ತೇನೆ. ಇಲ್ಲಿನ ಚಳಿಗೆ ಉಳಿದ ನೀರು ಹೆಪ್ಪುಗಟ್ಟಿದರೆ ಪಂಪು ಒಡೆಯುತ್ತದೆ. ಮೊನ್ನೆ ಶನಿವಾರ ಆ ಕೆಲಸ ಮುಗಿಯಿತು. ಖಾಲಿ ಲಾಕರಿನ ನೆಲದಲ್ಲಿ ಹಳೇ ಕಾರ್ಪೆಟ್ಟಿನ ಅಂಟಿನ ಕಲೆ ಬಿಟ್ಟರೆ ಏನೂ ಇರಲಿಲ್ಲ. ಮಗಳು ಒಳಗೆ ಇಳಿದು ಕೂತು, ಮುಚ್ಚಳ ಹಾಕು ಅಂದಳು. ಎರಡು ನಿಮಿಷ ಬಿಟ್ಟು ತೆಗೆದೆ. "ಏನೂ ವಾಸನೆ ಇಲ್ಲ ಅಪ್ಪಾ" ಅಂದಳು.