ತಂಬಾಕಿಲ್ಲದ ಅಡಿಕೆ ಪೊಟ್ಟಣ: ಕೊಳ್ಳುವ ಮುನ್ನ

ಸುವಾಸನೆಯ ಅಡಿಕೆ ಚೂರು, ಸಿಹಿ ಅಡಿಕೆ, ಪಾನ್ ಮಸಾಲ. ಹೆಸರು ಯಾವುದಾದರೂ ಪೊಟ್ಟಣದ ಮೇಲೆ ಎದ್ದು ಕಾಣುವ ಮಾತು ‘ತಂಬಾಕು ಇಲ್ಲ’. ಮಾತೇನೋ ನಿಜ. ಆದರೆ ಅದನ್ನು ಓದಿದವರು ‘ಹಾಗಾದರೆ ಕ್ಯಾನ್ಸರ್ ಭಯವಿಲ್ಲ’ ಅಂದುಕೊಳ್ಳುತ್ತಾರೆ. ಅದು ಪೂರ್ತಿ ತಪ್ಪು. ಈ ಸರಕಿಗೆ ನಮ್ಮ ಅಂಕ ಐದಕ್ಕೆ ಸೊನ್ನೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1985ರಲ್ಲಿ ತಂಬಾಕು ಬೆರೆತ ಎಲೆಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದಿತ್ತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಬರಿಯ ಅಡಿಕೆಯನ್ನೂ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಎರಡರ ಅಪಾಯ ಸಮಸಮ ಎಂದು ಇದರ ಅರ್ಥವಲ್ಲ; ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಎರಡರ ವಿಷಯದಲ್ಲೂ ಸಾಕಷ್ಟು ಪುರಾವೆ ಇದೆ ಎಂದರ್ಥ. 2022ರಲ್ಲಿ ಜಗತ್ತಿನಾದ್ಯಂತ ಪತ್ತೆಯಾದ ಸುಮಾರು 3,89,800 ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ ಎಂದು ಇದೇ ಸಂಸ್ಥೆಯ ಅಂದಾಜು.

ಪೊಟ್ಟಣದ ಹಿಂಬದಿ ನೋಡಿ. ಅಡಿಕೆ, ಕಾಚು, ಸುಣ್ಣ, ಏಲಕ್ಕಿ, ಮೆಂತಾಲ್, ಸಿಹಿಕಾರಕ. ಏಲಕ್ಕಿ, ಮೆಂತಾಲ್ ಬಾಯಿಗೆ ಹಿತ ಕೊಡಲು. ಕೆಡುಕು ಮಾಡುವುದು ಮೊದಲಿನ ಪದಾರ್ಥಗಳು. ಅಡಿಕೆಯಲ್ಲಿರುವ ಅರೆಕೋಲಿನ್ ಬಾಯಿಯ ಒಳಪದರದ ಜೀವಕೋಶಗಳನ್ನು ಕೆರಳಿಸಿ ಕೊಲಾಜೆನ್ ನಾರು ಹೆಚ್ಚಿಸುತ್ತದೆ. ಅಡಿಕೆಯ ತಾಮ್ರದ ಅಂಶ ಆ ನಾರುಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಹೀಗೆ ಬೆಸೆದ ನಾರು ಕರಗದಂತೆ ಅಡಿಕೆಯ ಒಗರಿನ ಅಂಶವಾದ ಟ್ಯಾನಿನ್ ಕಾಯುತ್ತದೆ. ಸುಣ್ಣ ಬಾಯಿಯ ಕ್ಷಾರತೆ ಏರಿಸುವುದರಿಂದ ಅಡಿಕೆಯಲ್ಲಿರುವ ಟ್ಯಾನಿನ್ ಮುಂತಾದ ಪಾಲಿಫಿನಾಲ್‌ಗಳು ಆಮ್ಲಜನಕದೊಡನೆ ಬೆರೆತು, ಡಿಎನ್‌ಎಗೆ ಪೆಟ್ಟು ಕೊಡುವ ಚುರುಕು ಕಣಗಳು ಹುಟ್ಟುತ್ತವೆ. ಅರೆಕೋಲಿನ್‌ನಿಂದಲೇ ಜೊಲ್ಲಿನಲ್ಲಿ ಕ್ಯಾನ್ಸರ್ ತರಬಲ್ಲ ನೈಟ್ರೋಸಮೈನ್‌ಗಳೂ ಆಗುತ್ತವೆ. ಇವೆಲ್ಲಕ್ಕೂ ತಂಬಾಕು ಬೇಕಾಗಿಯೇ ಇಲ್ಲ.

‘ಬೇಯಿಸಿದ ಅಡಿಕೆ’, ‘ಹುರಿದ ಅಡಿಕೆ’ ಎಂಬ ಬಗೆಗಳನ್ನು ಸೌಮ್ಯವೆಂದು ನಂಬಬೇಡಿ. ಬೇಯಿಸಿದಾಗ ಟ್ಯಾನಿನ್, ಅರೆಕೋಲಿನ್ ಒಂದಷ್ಟು ನೀರಿಗೆ ಬಿಡುತ್ತವೆ, ಪೂರ್ತಿ ಹೋಗುವುದಿಲ್ಲ. ಒಣ ಪೊಟ್ಟಣದ ಇನ್ನೊಂದು ತೊಂದರೆ, ಎಲೆಯಿಲ್ಲದ ಕಾರಣ ಒಂದು ಬಾಯಿಗೆ ಬೀಳುವ ಅಡಿಕೆಯ ಪಾಲೇ ಹೆಚ್ಚು. ಜೇಬಿನಲ್ಲೇ ಇರುವುದರಿಂದ ದಿನವಿಡೀ ಕೈ ಅತ್ತ ಹೋಗುತ್ತಿರುತ್ತದೆ. ಎಲೆಅಡಿಕೆಗಿಂತ ಇಂಥ ಪೊಟ್ಟಣಗಳಿಂದ ನಾರುಗಟ್ಟುವ ರೋಗ ಬೇಗ ಬರುವುದು ಕಂಡುಬಂದಿದೆ.

ಆ ರೋಗವನ್ನು ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಮೊದಲ ಸೂಚನೆ, ಖಾರ ತಾಗಿದರೆ ಉರಿ. ಆಮೇಲೆ ಕೆನ್ನೆಯ ಒಳಭಾಗ ಗುಲಾಬಿ ಬಣ್ಣ ಕಳೆದುಕೊಂಡು ಅಮೃತಶಿಲೆಯ ಹಾಗೆ ಬಿಳಿಚುತ್ತದೆ. ಮುಂದೆ ಬಾಯಿ ತೆರೆಯುವುದೇ ಕಷ್ಟ. ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ. ಅಗಿಯುವುದನ್ನು ಬಿಟ್ಟರೂ ಕಟ್ಟಿದ ನಾರು ತಾನಾಗಿ ಕರಗದು. ಮುಂದಿನ ಹಾನಿ ತಪ್ಪಿಸಲು ಬಿಡಲೇಬೇಕು.

ಈಗಾಗಲೇ ಅಗಿಯುತ್ತಿರುವವರು ತಿಂಗಳಿಗೊಮ್ಮೆ ಕನ್ನಡಿಯ ಮುಂದೆ, ಒಳ್ಳೆಯ ಬೆಳಕಿನಲ್ಲಿ ಬಾಯಿ ನೋಡಿಕೊಳ್ಳಿ. ಕೈ ತೊಳೆದು ತೋರುಬೆರಳನ್ನು ಕೆನ್ನೆಯೊಳಗೆ, ಹೆಬ್ಬೆರಳನ್ನು ಹೊರಗಿಟ್ಟು ಮೆಲ್ಲಗೆ ಒತ್ತಿ. ಮೇಲಿಂದ ಕೆಳಕ್ಕೆ ಹುರಿಯಂಥ ಗಟ್ಟಿ ಪಟ್ಟಿ ಸಿಕ್ಕರೆ ಅದು ನಾರು. ಚೂರನ್ನು ಸದಾ ಒತ್ತರಿಸಿಡುವ ಬದಿಯನ್ನು ಹೆಚ್ಚು ಗಮನವಿಟ್ಟು ನೋಡಿ. ನಾಲಗೆಯ ಅಂಚು, ನಾಲಗೆಯಡಿ, ಒಸಡು, ಅಂಗುಳ ಬಿಡಬೇಡಿ. ನಿಮ್ಮವೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮುಂಬಲ್ಲುಗಳ ನಡುವೆ ಇಡಲು ಆಗದಿದ್ದರೆ, ಅಂದರೆ ಬಾಯಿ ಸುಮಾರು 35 ಮಿ.ಮೀ.ಗಿಂತ ಕಡಿಮೆ ತೆರೆದರೆ, ದಂತವೈದ್ಯರಿಗೆ ತೋರಿಸಿ. ಎರಡು ವಾರವಾದರೂ ಮಾಯದ ಹುಣ್ಣು, ಕೆರೆದರೂ ಹೋಗದ ಬಿಳಿ ಮಚ್ಚೆ, ಗಂಟು ಇವಕ್ಕೂ ಅದೇ ಮಾತು. ಕೆಂಪು ಮಚ್ಚೆ ನೋಯದಿದ್ದರೂ ಬಿಳಿಯದಕ್ಕಿಂತ ಹೆಚ್ಚು ಅಪಾಯಕಾರಿ. ಬಯಾಪ್ಸಿಗೆ, ಅಂದರೆ ಚೂರು ಅಂಗಾಂಶ ತೆಗೆದು ಪರೀಕ್ಷಿಸಲು, ಹೇಳಿದರೆ ಮುಂದೂಡಬೇಡಿ.

ಬಾಯಿ ತೀರ ಬಿಗಿದ ಮೇಲೆ ಹಿಂಬದಿಯ ಹಲ್ಲು ಉಜ್ಜುವುದೂ ಆಗದು, ಅಲ್ಲಿ ಹುಣ್ಣಿದ್ದರೆ ವೈದ್ಯರಿಗೂ ಕಾಣದು. ಬೇರಾವುದೋ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ಬಾಯಿಯ ಮೂಲಕ ಉಸಿರುನಳಿಕೆ ಇಳಿಸುವುದೂ ಕಷ್ಟ. ಅರಿವಳಿಕೆ ತಜ್ಞರಿಗೆ ಅಡಿಕೆಯ ಅಭ್ಯಾಸವನ್ನು ಮೊದಲೇ ಹೇಳಿಬಿಡಿ.

ಬಿಡುವುದು ಸುಲಭವಲ್ಲ. ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ ಅನ್ನು ಹಿಡಿಯುವ ಮಿದುಳಿನ ಗ್ರಾಹಿಗಳನ್ನೇ ಅರೆಕೋಲಿನ್ ಕೂಡ ತಟ್ಟುತ್ತದೆ. ಹಾಗಾಗಿ ಬಿಟ್ಟ ಮೊದಲ ದಿನಗಳಲ್ಲಿ ಸಿಡುಕು, ಮಂಕು, ಎಳೆತ ಇರುತ್ತದೆ. ಊಟದ ನಂತರ, ವಾಹನ ಓಡಿಸುವಾಗ, ಕೆಲಸದ ಬಿಡುವಿನಲ್ಲಿ, ಹೀಗೆ ಕೈ ಪೊಟ್ಟಣಕ್ಕೆ ಹೋಗುವ ಹೊತ್ತುಗಳನ್ನು ಬರೆದಿಡಿ. ಆ ಹೊತ್ತಿಗೆ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಅಥವಾ ನೀರು ಹತ್ತಿರವಿರಲಿ. ‘ಸಿಹಿ ಅಡಿಕೆಗೆ ಬದಲಾಯಿಸಿಕೊಂಡೆ’ ಎಂದರೆ ಬಿಟ್ಟಂತಲ್ಲ. ತಂಬಾಕೂ ಜೊತೆಗಿದ್ದವರು ಎರಡನ್ನೂ ಒಟ್ಟಿಗೆ ಬಿಡಬೇಕು. ಒಂದನ್ನು ಉಳಿಸಿಕೊಂಡರೆ ಅದು ಇನ್ನೊಂದನ್ನು ಮತ್ತೆ ಕರೆತರುತ್ತದೆ.