ಮಾಲ್ಟ್ ಒಡೆಯಲು ಮಿಕ್ಸಿಯೋ, ಕೈಗಿರಣಿಯೋ, ರೋಲರೋ?

ಮೊದಲ ಸಲ ಬಿಯರ್ ಮಾಡಲು ಹೊರಟಾಗ ಬಾರ್ಲಿ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಹಾಕಿದ್ದು ಮಿಕ್ಸಿಗೆ. (ನಾನಿರುವುದು ಅಮೆರಿಕದಲ್ಲಿ. ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಇಲ್ಲಿನ ಕೇಂದ್ರ ಕಾನೂನು 1979ರಿಂದ ಬಿಟ್ಟಿದೆ. ಊರಲ್ಲಿರುವವರು ಮೊದಲು ಅಬಕಾರಿ ನಿಯಮ ನೋಡಿಕೊಳ್ಳಿ.) 20 ಲೀಟರಿಗೆ 5 ಕೆಜಿ ಮಾಲ್ಟ್ ಬೇಕು. ಜಾರಿಗೆ ಹಿಡಿಸುವುದು 200 ಗ್ರಾಂ. 25 ಸಲ ಗುರ್ರ್ ಅನ್ನಿಸುವಷ್ಟರಲ್ಲಿ ಮೋಟಾರು ಸುಟ್ಟ ವಾಸನೆ ಬಂತು. ಕೈಯಲ್ಲಿ ಹಿಡಿದು ನೋಡಿದರೆ ಅರ್ಧ ಚಿರೋಟಿ ರವೆ, ಉಳಿದದ್ದು ಇಡೀ ಕಾಳು.

ಮಾಲ್ಟಿನ ಸಿಹಿ ನೀರಿಗಿಳಿಯಲಿ ಅಂತ 66 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ನೆನೆಸಿ, ರಸ ಇಳಿಸಲು ಪಾತ್ರೆಯ ನಲ್ಲಿ ತಿರುಗಿಸಿದೆ. ನಾಲ್ಕು ಹನಿ ಬಿದ್ದು ನಿಂತಿತು. ಒಳಗೆ ಗಂಜಿ ಕಟ್ಟಿತ್ತು. ಆಮೇಲೆ ಗೊತ್ತಾಯಿತು: ಕಾಳು ಒಡೆಯಬೇಕು, ಹೊಟ್ಟು ಮಾತ್ರ ಆದಷ್ಟೂ ಇಡಿಯಾಗಿ ಉಳಿಯಬೇಕು. ಪಾತ್ರೆಯ ತಳದಲ್ಲಿ ಹಾಸಿಕೊಂಡು ಸಿಹಿ ರಸವನ್ನು ಸೋಸಿ ಬಿಡುವುದು ಆ ಹೊಟ್ಟೇ.

ಮುಂದಿನದು ಕೈಗಿರಣಿ. ಕೊರೋನಾ ಮಾದರಿ ಅನ್ನುತ್ತಾರೆ. ಲ್ಯಾಟಿನ್ ಅಮೆರಿಕದ ಮನೆಗಳಲ್ಲಿ ಮೆಕ್ಕೆಜೋಳ ಬೀಸುವಂಥದ್ದು, ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಎರಡು ಗೀರುಬಿಲ್ಲೆಗಳ ನಡುವೆ ಕಾಳು ಉಜ್ಜಿಕೊಂಡು ಬರುತ್ತದೆ, ನಮ್ಮ ಬೀಸುವ ಕಲ್ಲನ್ನು ಅಡ್ಡ ಮಲಗಿಸಿದ ಹಾಗೆ. 5 ಕೆಜಿಗೆ ಮುಕ್ಕಾಲು ಗಂಟೆ ತಿರುಗಿಸಬೇಕು, ರಟ್ಟೆ ಬಿದ್ದುಹೋಗುತ್ತದೆ. ಹೊಟ್ಟೂ ಹರಿಯುತ್ತದೆ. ಅದಕ್ಕೊಂದು ಉಪಾಯವಿದೆ: ಬೀಸುವ ಕಾಲು ಗಂಟೆ ಮುಂಚೆ 5 ಕೆಜಿಗೆ 100 ಎಂಎಲ್ ನೀರು ಚಿಮುಕಿಸಿ ಕೈಯಾಡಿಸಿ. ಸಿಪ್ಪೆ ಚರ್ಮದಂತೆ ಮೆತ್ತಗಾಗಿ, ಹರಿಯದೆ ಬಿಚ್ಚಿಕೊಳ್ಳುತ್ತದೆ. ಕೈಗೆ ಅಂಟುವಷ್ಟು ಒದ್ದೆ ಮಾಡಿದರೆ ಮಾತ್ರ ಕೆಟ್ಟಿತು.

ರೋಲರ್ ಗಿರಣಿಗೆ ಬೆಲೆ ಕೈಗಿರಣಿಯ ಮೂರು ನಾಲ್ಕು ಪಟ್ಟು. ಗೀರುಗೀರಾದ ಎರಡು ಉಕ್ಕಿನ ಉರುಳೆ, ನಡುವೆ 1 ಮಿಲಿಮೀಟರ್ ಸಂದು. ಡ್ರಿಲ್ ಜೋಡಿಸಿ ನಿಧಾನಕ್ಕೆ ತಿರುಗಿಸಿದರೆ ಐದೇ ನಿಮಿಷ. ಕಾಳು ಉಪ್ಪಿಟ್ಟಿನ ರವೆಯಷ್ಟು ತರಿತರಿ, ಹೊಟ್ಟು ಖಾಲಿ ದೋಣಿಯ ಹಾಗೆ ಇಡಿಯಾಗಿ ಬೀಳುತ್ತದೆ. ಅಷ್ಟೇ ಮಾಲ್ಟ್, ಅಷ್ಟೇ ನೀರು: ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಕೈಗಿರಣಿಯಲ್ಲಿ 1.046 ತೋರಿಸಿತ್ತು, ರೋಲರಿನಲ್ಲಿ 1.054. ಅಂಕಿ ಹೆಚ್ಚಿದಷ್ಟೂ ರಸದಲ್ಲಿ ಸಕ್ಕರೆ ಹೆಚ್ಚು. ಬಿಯರಿನ ರುಚಿಯಲ್ಲಿ ನನ್ನ ನಾಲಿಗೆಗೇನೂ ವ್ಯತ್ಯಾಸ ಸಿಗಲಿಲ್ಲ.

ಹಾಗಾದರೆ ಕೈಗಿರಣಿ ದಂಡವೇ? ಮಾಲ್ಟನ್ನು ಬಟ್ಟೆಚೀಲದಲ್ಲಿ ಕಟ್ಟಿ ನೆನೆಸುವವರಾದರೆ ಅದೇ ಸಾಕು. ಸೋಸುವ ಕೆಲಸ ಚೀಲದ್ದು, ತರಿ ಇನ್ನೂ ಸಣ್ಣಗಿದ್ದಷ್ಟೂ ಸಕ್ಕರೆ ಚೆನ್ನಾಗಿ ಇಳಿಯುತ್ತದೆ. ತಿಂಗಳಿಗೆ ಎರಡು ಸಲ ಮಾಡುವವರಿಗೆ ಮಾತ್ರ ರೋಲರಿಗೆ ದುಡ್ಡು ಹಾಕಿ ಅಂತೀನಿ. ಯಾವುದರಲ್ಲೇ ಒಡೆಯಿರಿ, ಹುದುಗುವ ಪಾತ್ರೆಯಿಂದ ದೂರ, ಗ್ಯಾರೇಜಿನಲ್ಲಿ ಒಡೆಯಿರಿ. ಮಾಲ್ಟಿನ ದೂಳಿನಲ್ಲಿ ಬಿಯರನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ.

ಹೋದ ತಿಂಗಳು ಬಾರ್ಲಿ ಜೊತೆ ಅರ್ಧ ಕೆಜಿ ಮೊಳಕೆ ರಾಗಿ ಸೇರಿಸೋಣ ಅಂತ ರೋಲರಿಗೆ ಸುರಿದೆ. ಬಹಳಷ್ಟು ಕಾಳು ಸಂದಿನಲ್ಲಿ ನುಣುಚಿ, ಸಾಸಿವೆ ಸುರಿದಂತೆ ಹಾಗೇ ಬಕೆಟ್ಟಿಗೆ ಬಿತ್ತು. ಅಟ್ಟದ ಮೇಲಿದ್ದ ಮಿಕ್ಸಿಯನ್ನು ಮತ್ತೆ ಕೆಳಗಿಳಿಸಿದೆ.