ಎರಡು ಕಾರ್ಡಿಗೆ ಯಾವ ಎಸ್‌ಎಂಪಿಎಸ್? ನಾಲ್ಕು ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಎರಡು ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿಗೆ ಕಡಿಮೆ ದುಡ್ಡಿನಲ್ಲಿ ಎಸ್‌ಎಂಪಿಎಸ್ (ಒಳಗಿನ ಎಲ್ಲ ಭಾಗಕ್ಕೂ ಕರೆಂಟ್ ಕೊಡುವ ಡಬ್ಬ) ಬೇಕಾದರೆ 750 ವ್ಯಾಟ್‌ನ ಬ್ರಾಂಜ್ ತಗೊಳ್ಳಿ (ಬ್ರಾಂಜ್, ಗೋಲ್ಡ್ ಅನ್ನುವುದು ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಅನ್ನುವ ದರ್ಜೆ), ಅದರಲ್ಲೂ ಕಾರ್ಡಿನ ಕೇಬಲ್ ಎರಡು ಬೇರೆ ಬೇರೆ ಇರುವುದನ್ನೇ ತಗೊಳ್ಳಿ. ನಾನು ಇದಕ್ಕೆ ಬಂದು ನಿಲ್ಲುವ ಹೊತ್ತಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ನಾಲ್ಕು ಸಲ ಓಡಾಡಿದ್ದೆ.

ನನ್ನದು ಇಂಟೀರಿಯರ್ ಡಿಸೈನರ್‌ಗಳಿಗೆ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಅಡುಗೆಮನೆ, ಹಾಲ್ ಚಿತ್ರ ಮಾಡಿಕೊಡುವ ಕೆಲಸ. ರಾತ್ರಿ ರೆಂಡರ್‌ಗೆ, ಅಂದರೆ ಕಂಪ್ಯೂಟರ್ ಕೊನೆಯ ಚಿತ್ರ ತಯಾರಿಸುವುದಕ್ಕೆ ಹಾಕಿ ಮಲಗುತ್ತೇನೆ, ಬೆಳಗ್ಗೆ ಕಳಿಸಬೇಕು. 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಕಾರ್ಡ್ ಒಂದಿತ್ತು, ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೊಂದು ಸಿಕ್ಕಿತು. ಎರಡು ಹಾಕಿದ ಮಾತ್ರಕ್ಕೆ ಮೆಮೊರಿ 24 ಆಗುವುದಿಲ್ಲ, ಪೂರ್ತಿ ಸೀನ್ ಎರಡರಲ್ಲೂ ಕೂರಬೇಕು. ಆದರೆ ನನ್ನ ಕೆಲಸದಲ್ಲಿ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ನನಗೆ ಬೇಕಾಗಿದ್ದೂ ಅಷ್ಟೇ.

ಲೆಕ್ಕ ಸುಲಭ. ಕಾರ್ಡಿಗೆ 170ರಂತೆ 340 ವ್ಯಾಟ್, ರೈಜನ್ 5600 ಪ್ರೊಸೆಸರ್‌ಗೆ ಜಾಸ್ತಿ ಅಂದರೆ 76, ಬೋರ್ಡು, ಫ್ಯಾನು, ಡಿಸ್ಕು ಎಲ್ಲ ಸೇರಿ ಒಂದು 50. ಸುಮಾರು 470.

ಮೊದಲು ತಂದದ್ದು 2,200 ರೂಪಾಯಿಯ ಲೋಕಲ್ ಮಾಲು. ಡಬ್ಬದ ಮೇಲೆ ದೊಡ್ಡದಾಗಿ 750 ವ್ಯಾಟ್. "ಎರಡು ಕಾರ್ಡ್ ಆರಾಮಾಗಿ ಎಳೆಯುತ್ತೆ ಸಾರ್" ಅಂದರು ಅಂಗಡಿಯವರು, ನಂಬಿದೆ. ಒಂದು ಕಾರ್ಡಿನಲ್ಲಿ ಎಷ್ಟು ಹೊತ್ತಾದರೂ ಓಡುತ್ತಿತ್ತು. ಎರಡೂ ಒಟ್ಟಿಗೆ ಶುರುವಾದ ಕ್ಷಣಕ್ಕೆ ಟಪ್ ಅಂತ ಆಫ್, ಮತ್ತೆ ತಾನೇ ಆನ್. ಆಮೇಲೆ ಪಕ್ಕದಲ್ಲಿದ್ದ ಲೇಬಲ್ ಓದಿದೆ. 12 ವೋಲ್ಟ್ ಸಾಲಿನಲ್ಲಿ ಬರೀ 30 ಆಂಪ್ಸ್, ಅಂದರೆ 360 ವ್ಯಾಟ್. ಕಾರ್ಡು, ಪ್ರೊಸೆಸರ್ ಎರಡೂ ತಿನ್ನುವುದು ಈ 12 ವೋಲ್ಟನ್ನೇ ಅಲ್ವಾ? ಉಳಿದ ಸಾಲುಗಳ ಅಂಕಿ ಕೂಡಿಸಿ 750 ಅಂತ ಬರೆದರೆ ನನಗೇನು ಉಪಯೋಗ.

ಎರಡನೆಯದು ಒಳ್ಳೆಯ ಕಂಪನಿಯ 650 ವ್ಯಾಟ್ ಬ್ರಾಂಜ್, 4,600. ಕರೆಂಟಿನ ವಿಷಯದಲ್ಲಿ ಒಂದೇ ಒಂದು ದೂರಿಲ್ಲ, ರಾತ್ರಿಯಿಡೀ ಎರಡೂ ಕಾರ್ಡ್ ಓಡಿಸಿತು. ತಲೆನೋವು ಬಂದದ್ದು ಕೇಬಲ್‌ನಿಂದ.

ಅದರಲ್ಲಿ ಕಾರ್ಡಿಗೆ ಅಂತ ಇದ್ದದ್ದು ಒಂದೇ ಕೇಬಲ್, ಅದರ ತುದಿಯಲ್ಲಿ ಎರಡು ತಲೆ. ಮೊದಲ ತಲೆಯಿಂದ ಎರಡನೆಯದಕ್ಕೆ ಒಂದು ಗೇಣೂ ಇಲ್ಲ. ಎರಡು ಪ್ಲಗ್ ಬೇಡುವ ಒಂದೇ ಕಾರ್ಡಿಗೆ ಇದು ಸರಿ. ನನ್ನದು ಎರಡು ಕಾರ್ಡ್, ಮೇಲಿನದು ಮೂರು ಫ್ಯಾನಿನ ಉದ್ದದ್ದು, ಕೆಳಗಿನದು ಎರಡು ಫ್ಯಾನಿನ ಗಿಡ್ಡ. ಪ್ಲಗ್ ಜಾಗ ಒಂದರ ನೇರಕ್ಕೆ ಇನ್ನೊಂದು ಬರುವುದಿಲ್ಲ. ಮೇಲಿನದಕ್ಕೆ ಹಾಕಿ ಕೆಳಗಿನದಕ್ಕೆ ಎಳೆದರೆ ವೈರು ವೀಣೆ ತಂತಿಯ ಹಾಗೆ ಬಿಗಿ. ಪ್ಲಗ್ ಓರೆಯಾಗಿ ಕೂರುತ್ತಿತ್ತು, ಕೊಕ್ಕೆ ಕಟ್ ಅಂತ ಬೀಳುತ್ತಲೇ ಇರಲಿಲ್ಲ. ಆರು ಪಿನ್ನಿನ ಪಕ್ಕ ಜೋಡಿಸುವ ಎರಡು ಪಿನ್ನಿನ ತುಂಡು ಜಾರಿ ಹಿಂದೆ ಉಳಿಯುತ್ತಿತ್ತು. ಒಂದು ದಿನ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ, ಕಂಪ್ಯೂಟರ್ ಆಫ್ ಮಾಡಿ ಪವರ್ ಕೇಬಲ್ ಜೋಡಿಸಿ ಅನ್ನುವ ಸಂದೇಶ.

ಹೇಗೋ ಕೂರಿಸಿದೆ. ಮೇಲಿನ ಕಾರ್ಡಿನ ಫ್ಯಾನ್ ಕೆಳಮುಖ, ವೈರು ಹಾದುಹೋಗುವುದು ಅದೇ ಸಂದಿಯಲ್ಲಿ. ನಡುರಾತ್ರಿ ಟಕ ಟಕ ಟಕ ಶುರು. ಟಾರ್ಚ್ ಬಿಟ್ಟು ನೋಡಿದರೆ ಫ್ಯಾನಿನ ರೆಕ್ಕೆ ವೈರಿನ ಕಪ್ಪು ಸಿಪ್ಪೆಯನ್ನು ಸವರಿ ಸವರಿ ಬಿಳಿ ಗೆರೆ ಮಾಡಿತ್ತು. ಇನ್ನು ನಾಲ್ಕು ರಾತ್ರಿ ಬಿಟ್ಟಿದ್ದರೆ ತಾಮ್ರ ಕಾಣುತ್ತಿತ್ತು. ಆ ರೆಂಡರ್ ನಿಲ್ಲಿಸಿದೆ, ಬೆಳಗ್ಗೆ ಡಿಸೈನರ್‌ಗೆ ಫೋನ್ ಮಾಡಿ ಒಂದು ದಿನ ಟೈಮ್ ಕೇಳಿದೆ. ಅದು ನನಗೆ ನಿಜವಾಗಿ ಬೇಜಾರಾದ ವಿಷಯ.

ಮತ್ತೆ ಅಂಗಡಿಗೆ ಹೋದೆ. ಕೇಬಲ್ ಒಳಗಿನಿಂದಲೇ ಬೆಸುಗೆ ಹಾಕಿ ಬಂದಿರುವುದರಿಂದ ಇನ್ನೊಂದು ಸೇರಿಸಲು ಬರುವುದಿಲ್ಲ. ಅವರು ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಪ್ಲಗ್ಗಿನಿಂದ ಕಾರ್ಡಿಗೆ ಬೇಕಾದ ಎಂಟು ಪಿನ್ ಮಾಡುವ ಕನ್ವರ್ಟರ್ ಕೊಟ್ಟು, "ಏನೂ ಆಗಲ್ಲ, ಹಾಕ್ಕೊಳ್ಳಿ" ಅಂದರು. ದಯವಿಟ್ಟು ಇದನ್ನು ಮಾತ್ರ ಹಾಕಬೇಡಿ. ಸಾಟಾ ಪ್ಲಗ್ಗಿನ 12 ವೋಲ್ಟ್ ಪಿನ್ನುಗಳು ತಾಳುವುದು 4.5 ಆಂಪ್ಸ್, ಅಂದರೆ 54 ವ್ಯಾಟ್. ಎಂಟು ಪಿನ್ ಅಂದರೆ 150ರ ತನಕ ಕೇಳಬಹುದು. ಪ್ಲಗ್ ಕರಗುತ್ತದೆ. ಬೇಡ ಅಂದು ಬಂದೆ.

850 ವ್ಯಾಟ್ ಗೋಲ್ಡನ್ನು ಗೆಳೆಯನ ಹತ್ತಿರ ಒಂದು ವಾರಕ್ಕೆ ಇಸ್ಕೊಂಡು ನೋಡಿದೆ. ಸದ್ದೇ ಇಲ್ಲ, ಕೇಬಲ್ ಧಾರಾಳ. ಆದರೆ 10,000. ಕರೆಂಟ್ ಉಳಿಯುತ್ತದೆ ಅನ್ನುತ್ತಾರೆ, ಲೆಕ್ಕ ಹಾಕಿದೆ. ಈ ದರ್ಜೆ ಕೊಡುವ 115 ವೋಲ್ಟ್ ಪರೀಕ್ಷೆಯಲ್ಲಿ, ಅರ್ಧ ಲೋಡಿಗೆ, ಗೋಡೆಯಿಂದ ಎಳೆದ ಕರೆಂಟಿನಲ್ಲಿ ಬ್ರಾಂಜ್ ಕನಿಷ್ಠ ಶೇ. 85, ಗೋಲ್ಡ್ ಶೇ. 90 ಭಾಗ ಕಂಪ್ಯೂಟರಿಗೆ ಕೊಡಬೇಕು. ಅದೇ ಅಂತರ ಹಿಡಿದರೆ 400 ವ್ಯಾಟ್ ಎಳೆಯುವಾಗ ಉಳಿಯುವುದು 26 ವ್ಯಾಟ್. ದಿನಕ್ಕೆ ಆರು ಗಂಟೆ ಓಡಿಸಿದರೂ ತಿಂಗಳಿಗೆ ಐದು ಯೂನಿಟ್ ಇಲ್ಲ. ಯೂನಿಟ್‌ಗೆ ಆರು ರೂಪಾಯಿ ಅಂದುಕೊಂಡರೆ 28 ರೂಪಾಯಿ. ಇಷ್ಟಕ್ಕೆ 750ರ ಬ್ರಾಂಜ್‌ಗಿಂತ ನಾಲ್ಕು ಸಾವಿರ ಜಾಸ್ತಿ ಕೊಡುವುದು ನನ್ನ ಕೈಲಾಗದು.

ಕೊನೆಗೆ 5,900ಕ್ಕೆ ತಂದ 750 ಬ್ರಾಂಜ್, ಅರ್ಧ ಮಾಡ್ಯುಲರ್, ಅಂದರೆ ಕೆಲವು ಕೇಬಲ್ ಬಿಚ್ಚಿ ಹಾಕಲು ಬರುವಂಥದ್ದು. ಈ ಸಲ ಕೌಂಟರ್ ಮೇಲೇ ಡಬ್ಬ ಬಿಚ್ಚಿಸಿದೆ. ಲೇಬಲ್ ಮೇಲೆ 12 ವೋಲ್ಟಿಗೆ 62 ಆಂಪ್ಸ್, ಅಂದರೆ 744 ವ್ಯಾಟ್. ಕಾರ್ಡಿನ ಕೇಬಲ್ ಎರಡು, ಎರಡೂ ಉದ್ದ. ಒಂದನ್ನು ಮೇಲಿನಿಂದ, ಒಂದನ್ನು ಕೆಳಗಿನಿಂದ ತಂದು ಹಾಕಿದೆ, ಫ್ಯಾನಿನ ಹತ್ತಿರ ಒಂದು ಎಳೆಯೂ ಸುಳಿಯುವುದಿಲ್ಲ. ಫ್ಯಾನ್ ಸದ್ದು ಗೋಲ್ಡ್‌ಗಿಂತ ಸ್ವಲ್ಪ ಜಾಸ್ತಿ, ಕಂಪ್ಯೂಟರ್ ಹಾಲ್‌ನಲ್ಲಿರುವುದರಿಂದ ನನಗೆ ಪರವಾಗಿಲ್ಲ.

ಮಾಡ್ಯುಲರ್ ತಗೊಂಡರೆ ಒಂದು ಎಚ್ಚರ. ಬೇರೆ ಕಂಪನಿಯ ಕೇಬಲ್ ಸರಿಯಾಗಿ ಕೂತರೂ ಚುಚ್ಚಬೇಡಿ, ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೇಬಲ್ ಇಲ್ಲದೆ ಮಾರುವುದನ್ನು ಸುಮ್ನೆ ಬಿಟ್ಟುಬಿಡಿ.

ಆ 650 ಈಗ ತಂಗಿಯ ಕಂಪ್ಯೂಟರಿನಲ್ಲಿದೆ. ಅವಳದು ಒಂದೇ ಕಾರ್ಡ್, ಎರಡನೆಯ ತಲೆಯನ್ನು ಟ್ಯಾಗ್ ಹಾಕಿ ಫ್ಯಾನಿನಿಂದ ದೂರ ಕಟ್ಟಿಕೊಟ್ಟಿದ್ದೇನೆ. ಸವೆದ ಜಾಗಕ್ಕೂ ಟೇಪ್ ಸುತ್ತಿದ್ದೇನೆ.